ಎಆರ್ ಕನ್ನಡಕಕ್ಕೆ ಪ್ಲಾಸ್ಟಿಕ್ ಆಪ್ಟಿಕ್ಸ್: ಬಿಸಿಗೂ ತೇವಕ್ಕೂ ಕದಲದಂತೆ ಮಾಡುವ ಬಗೆ

ಎದುರಿನ ನೋಟದ ಮೇಲೆ ಡಿಜಿಟಲ್ ಚಿತ್ರ ತೋರಿಸುವ ಎಆರ್ ಕನ್ನಡಕದಂಥ, ಮೂಗಿನ ಮೇಲೆ ಕೂರುವ ಸಾಧನಕ್ಕೆ ಪ್ಲಾಸ್ಟಿಕ್ ಬೇಕಾಗುವುದು ಅದರ ತೂಕಕ್ಕಾಗಿ. ಆದರೆ ಬಿಕೆ7 ಗಾಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 7 ಪಾಲು ಹಿಗ್ಗಿದರೆ ಪ್ಲಾಸ್ಟಿಕ್ 65ರ ಆಸುಪಾಸು ಹಿಗ್ಗುತ್ತದೆ. ಸಾಲದ್ದಕ್ಕೆ ಅದರ ವಕ್ರೀಭವನಾಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಡಿಗ್ರಿಗೆ ಸುಮಾರು 0.0001ರಷ್ಟು ಇಳಿಯುತ್ತದೆ. ಈ ಎರಡನೆಯದೇ ದೊಡ್ಡ ತಲೆನೋವು.

0.5 ಇಂಚಿನ ಮೈಕ್ರೊ-ಓಎಲ್‌ಇಡಿ ಪರದೆ (ಚಿತ್ರ ಮೂಡಿಸುವ ಪುಟ್ಟ ಪರದೆ), 20 ಮಿ.ಮೀ. ಫೋಕಲ್ ಲೆಂತ್ ಎಂದಿಟ್ಟುಕೊಳ್ಳಿ. ಕರ್ಣದುದ್ದಕ್ಕೆ ಸುಮಾರು 35 ಡಿಗ್ರಿ ನೋಟ ಸಿಗುತ್ತದೆ. ಚಿತ್ರ 2 ಮೀಟರ್ ದೂರದಲ್ಲಿ ಕಾಣಬೇಕು, ಅಂದರೆ 0.5 ಡಯಾಪ್ಟರ್ (1ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದ್ದು). ಪವರನ್ನೆಲ್ಲ (ಬೆಳಕನ್ನು ಫೋಕಸ್ ಮಾಡುವ ಕೆಲಸವನ್ನೆಲ್ಲ) ಒಂದು ಪ್ಲಾಸ್ಟಿಕ್ ಲೆನ್ಸಿಗೇ ವಹಿಸಿದರೆ, 30 ಡಿಗ್ರಿ ಬಿಸಿಯೇರಿದಾಗ ಫೋಕಲ್ ಲೆಂತ್ 0.15 ಮಿ.ಮೀ. ಬೆಳೆಯುತ್ತದೆ. ಇದರಲ್ಲಿ ಮುಕ್ಕಾಲು ಪಾಲು ವಕ್ರೀಭವನಾಂಕದ್ದು, ಹಿಗ್ಗಿದ್ದು ಕಾಲು ಪಾಲು ಮಾತ್ರ. ಅಲ್ಯೂಮಿನಿಯಂ ಫ್ರೇಮ್ ಹಿಗ್ಗಿ ಸರಿದೂಗಿಸುವುದು ಬರೀ 0.014 ಮಿ.ಮೀ. ಕೊನೆಗೆ ಚಿತ್ರ 0.35 ಡಯಾಪ್ಟರ್ ಜರುಗಿ 1.2 ಮೀಟರಿಗೆ ಬಂದು ನಿಲ್ಲುತ್ತದೆ.

ಅದೇ ಪವರನ್ನು 40 ಮಿ.ಮೀ. ತ್ರಿಜ್ಯದ ಬಾಗಿದ ಅರೆಕನ್ನಡಿಗೆ (ಬೆಳಕಿನ ಒಂದು ಪಾಲನ್ನು ಪ್ರತಿಫಲಿಸಿ ಉಳಿದದ್ದನ್ನು ಹಾಯಲು ಬಿಡುವ ಕನ್ನಡಿಗೆ) ಕೊಟ್ಟು ನೋಡಿ. ಬರ್ಡ್‌ಬಾತ್ ವಿನ್ಯಾಸ ಮಾಡುವುದು ಇದನ್ನೇ. ಗಾಳಿಯಲ್ಲಿ ನಡೆಯುವ ಪ್ರತಿಫಲನಕ್ಕೆ ವಕ್ರೀಭವನಾಂಕದ ಗೊಡವೆಯಿಲ್ಲ, ಜರುಗು 0.06 ಡಯಾಪ್ಟರಿಗೆ ಇಳಿಯುತ್ತದೆ. ಫ್ರೇಮ್ ಕೂಡ ಅಷ್ಟೇ ಹಿಗ್ಗುವ ಪ್ಲಾಸ್ಟಿಕ್ ಆಗಿದ್ದು, ಎರಡೂ ಒಂದೇ ಬಿಸಿಯಲ್ಲಿದ್ದರೆ ಜರುಗು ಇಲ್ಲವೆಂದೇ ಹೇಳಬಹುದು. ಷರತ್ತು ಒಂದೇ: ಅರೆಕನ್ನಡಿಯ ಲೇಪ ಕಣ್ಣಿನ ಕಡೆಯ ಮೈಮೇಲಿರಬೇಕು. ಹೊರಮೈಗೆ ಹಾಕಿದರೆ ಬೆಳಕು ಎರಡು ಸಲ ಪ್ಲಾಸ್ಟಿಕ್ ಹಾಯ್ದು, ತಪ್ಪಿಸಿದ ತೊಂದರೆ ಮತ್ತೆ ಒಳಗೆ ಬರುತ್ತದೆ. ಲೆನ್ಸ್ ಬೇಕೇ ಬೇಕಿದ್ದರೆ ಪವರಿನ ಬಹುಪಾಲು ಗಾಜಿಗಿರಲಿ, ಆಸ್ಫೆರಿಕ್ (ಗೋಳಾಕಾರವಲ್ಲದ ಮೈಯ) ತಿದ್ದುಪಡಿ ಮಾತ್ರ ಪ್ಲಾಸ್ಟಿಕ್ಕಿಗಿರಲಿ.

ವಸ್ತುವಿನ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಿಎಂಎಂಎ (ಅಕ್ರಿಲಿಕ್; ವಕ್ರೀಭವನಾಂಕ 1.49) ಅಗ್ಗ, ಸ್ವಚ್ಛ, ಆದರೆ ನೀರಿನಲ್ಲಿ ಪೂರ್ತಿ ನೆನೆದರೆ ತೂಕದ ಶೇ. 2ರಷ್ಟು ಹೀರುತ್ತದೆ. ಒಂದು ಮೈಗೆ ಮಾತ್ರ ಲೇಪವಿದ್ದರೆ ತೇವ ಒಂದೇ ಕಡೆಯಿಂದ ಒಳನುಗ್ಗಿ ಬಿಲ್ಲೆ (ಲೆನ್ಸ್ ಇಲ್ಲವೇ ಅರೆಕನ್ನಡಿಯ ತುಂಡು) ಹಪ್ಪಳದ ಹಾಗೆ ಬಾಗುತ್ತದೆ, ಮತ್ತೆ ಸರಿಹೋಗಲು ವಾರಗಟ್ಟಲೆ ಹಿಡಿಯುತ್ತದೆ. ಮಂಗಳೂರಿನ ಮಳೆಗಾಲಕ್ಕೆ ಇದು ಹೊಂದುವುದಿಲ್ಲ. ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಆದರೆ ಒಳಒತ್ತಡಕ್ಕೆ ಬೇಗ ಬೈರಿಫ್ರಿಂಜೆನ್ಸ್ (ಬೆಳಕಿನ ಕಂಪನದ ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ವಕ್ರೀಭವನ) ತೋರಿಸುತ್ತದೆ. ಪೋಲರೈಸ್ ಆದ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನ ದಾರಿಯಲ್ಲಿ ಅದನ್ನು ಇಡಲೇಬೇಡಿ. ನಮ್ಮ ಕೆಲಸಕ್ಕೆ ಸಿಒಪಿ (ಸೈಕ್ಲೋ ಓಲೆಫಿನ್ ಪಾಲಿಮರ್ ಎಂಬ ಪ್ಲಾಸ್ಟಿಕ್) ಸರಿ. ಉದಾಹರಣೆಗೆ ಝಿಯೋನೆಕ್ಸ್ ಇ48ಆರ್: ವಕ್ರೀಭವನಾಂಕ 1.531, ಆಬೆ ಸಂಖ್ಯೆ 56 (ಇದು ಹೆಚ್ಚಿದ್ದಷ್ಟೂ ಬಣ್ಣ ಚದುರುವುದು ಕಡಿಮೆ), ಮೆದುವಾಗುವ ತಾಪಮಾನ 139 ಡಿಗ್ರಿ, ನೀರು ಹೀರುವುದು ಶೇ. 0.01ಕ್ಕಿಂತ ಕಡಿಮೆ.

ಮೋಲ್ಡಿಂಗ್‌ಗೆ ಮೊದಲು ಪ್ಲಾಸ್ಟಿಕ್ ಕಾಳನ್ನು 100 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಒಣಗಿಸಿ, ಸಾಧ್ಯವಾದರೆ ನೈಟ್ರೋಜನ್ ಅಥವಾ ನಿರ್ವಾತದಲ್ಲಿ. ಒಳಗೆ ಆಮ್ಲಜನಕ ಉಳಿದರೆ ಬಿಲ್ಲೆ ಹಳದಿಗೆ ತಿರುಗುತ್ತದೆ. ಅಚ್ಚಿನ ತಾಪಮಾನ 120–130 ಡಿಗ್ರಿ ಇರಲಿ. ತಣ್ಣನೆಯ ಅಚ್ಚು ಸೈಕಲ್ ಸಮಯ ಉಳಿಸುತ್ತದೆ, ಒಳಒತ್ತಡ ಉಳಿಸಿಹೋಗುತ್ತದೆ. ಬಿಲ್ಲೆಯ ಅತಿ ದಪ್ಪ ಜಾಗ ಅತಿ ತೆಳು ಜಾಗದ ಮೂರು ಪಟ್ಟು ಮೀರದಿರಲಿ, ಇಲ್ಲವಾದರೆ ದಪ್ಪವಿರುವಲ್ಲಿ ಮೈ ಕುಸಿಯುತ್ತದೆ. ಗೇಟ್ (ಪ್ಲಾಸ್ಟಿಕ್ ಅಚ್ಚಿನೊಳಗೆ ಬರುವ ಬಾಯಿ) ದಪ್ಪ ಅಂಚಿನಲ್ಲಿ, ನೋಟದ ವಲಯದಿಂದ ದೂರವಿರಲಿ. ಇಂಜೆಕ್ಷನ್-ಕಂಪ್ರೆಷನ್ ಯಂತ್ರ (ಪ್ಲಾಸ್ಟಿಕ್ ತುಂಬಿ ಅಚ್ಚಿನಿಂದ ಒತ್ತುವಂಥದ್ದು) ಸಿಕ್ಕರೆ ಬಿಡಬೇಡಿ. ಅಚ್ಚಿನ ಇನ್ಸರ್ಟಿಗೆ (ಬಿಲ್ಲೆಯ ಮೈಗೆ ಆಕಾರ ಕೊಡುವ ತುಂಡಿಗೆ) ನಿಕಲ್-ಫಾಸ್ಫರಸ್ ಲೇಪ ಕೊಟ್ಟು ವಜ್ರದ ಟೂಲಿನಿಂದ ಕಡೆಯಬೇಕು; ಬರಿಯ ಉಕ್ಕು ವಜ್ರವನ್ನೇ ತಿಂದುಹಾಕುತ್ತದೆ. ಬಿಲ್ಲೆಯನ್ನು ಹೊರಬಂದ ಕೂಡಲೇ ಅಳೆಯದೆ ಒಂದು ದಿನ ಬಿಡಿ. ಆಮೇಲೆ ಅಳೆದು, ಆಕಾರದ ದೋಷವನ್ನು ತಿರುಗಿಸಿ ಇನ್ಸರ್ಟಿನಲ್ಲಿ ಕಡೆಯಿರಿ. ಎರಡು ಮೂರು ಸುತ್ತು ಬೇಕಾಗುತ್ತದೆ, ವೇಳಾಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ.

ಒಳಒತ್ತಡ ನೋಡಲು ಅಡ್ಡಡ್ಡ ಇಟ್ಟ ಎರಡು ಪೋಲರೈಸರ್ ಸಾಕು. ನಡುವೆ ಬಿಲ್ಲೆ ಹಿಡಿದಾಗ ಬಣ್ಣದ ಪಟ್ಟೆ ಕಂಡರೆ ಅದು ಹಾಗೆಯೇ ಕೆಲಸಕ್ಕೆ ಬಾರದು. ಹಸಿರು ಬೆಳಕಿನಲ್ಲಿ 25 ನ್ಯಾನೋಮೀಟರ್ ರಿಟಾರ್ಡೆನ್ಸ್ (ಬೈರಿಫ್ರಿಂಜೆನ್ಸ್‌ನಿಂದ ಬೆಳಕಿನ ಒಂದು ಪಾಲು ಇನ್ನೊಂದಕ್ಕಿಂತ ಹಿಂದುಳಿಯುವ ಅಳತೆ) ಶೇ. 2ರವರೆಗೆ ಬೆಳಕು ಸೋರಿಸುತ್ತದೆ, 10 ನ್ಯಾನೋಮೀಟರ್ ಆದರೆ ಶೇ. 0.3ರಷ್ಟು. ಸೋರಿದ್ದು ಪ್ರೇತಬಿಂಬವಾಗಿ ಕಾಣುವುದರಿಂದ 10ನ್ನೇ ಮಿತಿಯಾಗಿಡಿ. ಮೀರಿದರೆ ಮೆದುವಾಗುವ ತಾಪಮಾನಕ್ಕಿಂತ 15–20 ಡಿಗ್ರಿ ಕೆಳಗೆ ಅನೀಲ್ ಮಾಡಿ (ಒಳಒತ್ತಡ ಸಡಿಲಾಗಲು ಕಾಯಿಸಿಡಿ), ನಿಧಾನವಾಗಿ ತಣಿಸಿ. ಅನೀಲಿಂಗ್ ಆಕಾರವನ್ನೂ ಸ್ವಲ್ಪ ಕದಲಿಸುತ್ತದೆ. ಅಳತೆ ಅದರ ನಂತರವೇ ಲೆಕ್ಕಕ್ಕೆ.

ಕೂರಿಸುವಾಗ ಅಂಚಿನ ಸುತ್ತ ಗಟ್ಟಿ ಅಂಟು ಹಾಕಬೇಡಿ. 30 ಮಿ.ಮೀ. ಬಿಲ್ಲೆಗೂ ಅಲ್ಯೂಮಿನಿಯಂಗೂ 40 ಡಿಗ್ರಿಯಲ್ಲಿ 50 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಹಿಗ್ಗಲು ಜಾಗವಿಲ್ಲದ ಬಿಲ್ಲೆ ಬಾಗುತ್ತದೆ. ಮೂರು ಬಿಂದುಗಳ ಮೇಲೆ ಕೂರಿಸಿ, ಮೆತ್ತನೆಯ ಅಂಟಿನ ಸಣ್ಣ ಚುಕ್ಕೆಗಳಿಂದ ಹಿಡಿಸಿ. ಸಿಒಪಿಗೆ ಅಂಟು ಸುಲಭವಾಗಿ ಹಿಡಿಯದು, ಮೊದಲು ಮೈಗೆ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಹಾಯಿಸಿ. 40 ಮಿ.ಮೀ. ಅರೆಕನ್ನಡಿಯ ಒಂದು ತುದಿ 12 ಮೈಕ್ರಾನ್ ಎದ್ದರೆ ವಾಲುವುದು 1 ಆರ್ಕ್‌ಮಿನಿಟ್ (ಕೋನದ ಡಿಗ್ರಿಯ ಅರವತ್ತನೇ ಒಂದು ಪಾಲು), ಚಿತ್ರ ಜರುಗುವುದು ಅದರ ಇಮ್ಮಡಿ.

ಸಿಲಿಕಾ ಲೇಪ ಬಹುತೇಕ ಹಿಗ್ಗುವುದೇ ಇಲ್ಲ, ಕೆಳಗಿನ ಪ್ಲಾಸ್ಟಿಕ್ ಹಿಗ್ಗುತ್ತದೆ. ಬಿಸಿಯಲ್ಲಿ ಲೇಪ ಕೂದಲೆಳೆಯಂತೆ ಬಿರಿಯುವುದು ಇದಕ್ಕೇ. ನಡುವೆ ಹಾರ್ಡ್‌ಕೋಟ್ (ಗಟ್ಟಿ ಪದರ) ಇರಲಿ. ಸಿಒಪಿ ಆಲ್ಕೋಹಾಲಿಗೆ ಜಗ್ಗದು, ಆದರೆ ಒತ್ತಡವಿರುವ ಜಾಗಕ್ಕೆ ಎಣ್ಣೆ ಸೋಕಿದರೆ ಸೀಳುತ್ತದೆ. ಹಣೆಯ ಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿಎಣ್ಣೆ, ಸನ್‌ಸ್ಕ್ರೀನ್ ಇವನ್ನೆಲ್ಲ ಅಂಚಿಗೆ ಸವರಿ ಪರೀಕ್ಷಿಸಿ.

ಪ್ಲಾಸ್ಟಿಕ್ ವೇವ್‌ಗೈಡ್‌ನ (ಪ್ರೊಜೆಕ್ಟರಿನ ಬೆಳಕನ್ನು ತನ್ನೊಳಗೇ ಸಾಗಿಸಿ ಕಣ್ಣಿಗೆ ತಲುಪಿಸುವ ತೆಳು ಫಲಕದ) ವಿಷಯ ಬೇರೆ. ಬೆಳಕನ್ನು ಒಳಗೆ ತರುವ, ಹೊರಗೆ ಬಿಡುವ ಎರಡೂ ಗ್ರೇಟಿಂಗ್‌ಗಳಲ್ಲಿ (ಸಾಲುಗೀರುಗಳಲ್ಲಿ) ಗೀರಿನಿಂದ ಗೀರಿಗೆ ಅಂತರ 380 ನ್ಯಾನೋಮೀಟರ್ ಇದ್ದು ಸಮವಾಗಿ ಬಿಸಿಯಾದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಆದರೆ ಪ್ರೊಜೆಕ್ಟರ್ ಬದಿ 10 ಡಿಗ್ರಿ ಹೆಚ್ಚು ಬಿಸಿಯಾದರೂ ಹಸಿರು ಚಿತ್ರ 3 ಆರ್ಕ್‌ಮಿನಿಟ್ ಓರೆಯಾಗುತ್ತದೆ. ಕಣ್ಣು ಗುರುತಿಸುವುದು 1 ಆರ್ಕ್‌ಮಿನಿಟ್. ಹಾಗಾಗಿ ಪ್ರೊಜೆಕ್ಟರಿನ ಬಿಸಿಯನ್ನು ಫ್ರೇಮಿಗೆ ಹರಿಸಿ, ವೇವ್‌ಗೈಡ್‌ಗೆ ತಾಗಿಸಬೇಡಿ.

ಕೊನೆಗೆ ಪೂರ್ತಿ ಜೋಡಿಸಿದ ಕನ್ನಡಕವನ್ನು 60 ಡಿಗ್ರಿ, ಶೇ. 90 ತೇವದಲ್ಲಿ 240 ಗಂಟೆ ಇಟ್ಟು ತೆಗೆಯಿರಿ. ತೆಗೆದ ತಕ್ಷಣ ಒಮ್ಮೆ, ಒಂದು ದಿನ ಕಳೆದು ಇನ್ನೊಮ್ಮೆ ಫೋಕಸ್ ಮತ್ತು ಎರಡು ಕಣ್ಣುಗಳ ಚಿತ್ರದ ಮೇಲ್-ಕೆಳ ವ್ಯತ್ಯಾಸ ಅಳೆಯಿರಿ. ಮೊದಲ ಅಳತೆ ಕೆಟ್ಟು ಎರಡನೆಯದು ಸರಿಬಂದರೆ ಕಾರಣ ಬಿಸಿಯ ಹಿಗ್ಗು. ಎರಡೂ ಕೆಟ್ಟಿದ್ದರೆ ಅಂಟು ಜರುಗಿದೆ, ಇಲ್ಲವೇ ಒಳಒತ್ತಡ ಸಡಿಲಾಗಿ ಆಕಾರ ಬದಲಾಗಿದೆ. ಬಿಲ್ಲೆಯನ್ನು ಬಿಡಿಸಿ ಒಂಟಿಯಾಗಿ ಅಳೆದರೆ ಯಾವುದೆಂದು ತಿಳಿಯುತ್ತದೆ.