ಹಳಿ ರಿಪೇರಿ ಯಾರ್ಡ್: ಗುರುತಿಸುವುದು ಹೇಗೆ, ಮಾಡೆಲ್ ಮಾಡುವುದು ಹೇಗೆ

ರೈಲು ಮಾಡೆಲ್ ಮಾಡುವವರು ಸ್ಟೇಷನ್ ಮಾಡುತ್ತಾರೆ, ಲೋಕೋ ಶೆಡ್ ಮಾಡುತ್ತಾರೆ. ಹಳಿ ರಿಪೇರಿಯವರ ಸೈಡಿಂಗ್ (ಪಕ್ಕಕ್ಕೆ ಕವಲೊಡೆದ ಹಳಿ) ಅಂದಾಗ ಮಾತ್ರ ಮೂಲೆಯಲ್ಲಿ ಒಂದು ಹಳದಿ ಮೆಷಿನ್ ನಿಲ್ಲಿಸಿ ಮುಗಿಸಿಬಿಡುತ್ತಾರೆ. ನನಗೆ ಇದು ಸರಿ ಅನಿಸುವುದಿಲ್ಲ. ಮೆಷಿನ್ ಇವತ್ತು ಇಲ್ಲಿರುತ್ತದೆ, ನಾಳೆ ಇನ್ನೊಂದು ಸೆಕ್ಷನ್‌ಗೆ ಹೋಗಿರುತ್ತದೆ. ಅಲ್ಲೇ ಉಳಿಯುವುದು ಜಲ್ಲಿ, ಹಳಿಯ ಅಡಿಗೆ ಅಡ್ಡ ಹಾಕುವ ಸ್ಲೀಪರ್, ಹಳಿ. ಇವನ್ನು ಪೇರಿಸಿಟ್ಟ ರೀತಿ ನೋಡಿದರೆ ಸಾಕು, ಅದು ಯಾವ ಜಾಗ ಅಂತ ಗೊತ್ತಾಗುತ್ತದೆ.

ಮೊದಲು ಗುರುತಿಸುವುದು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹಗಲು ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಹೋಗಿ. ಸ್ಟೇಷನ್ ಬಂದಾಗ ಪ್ಲಾಟ್‌ಫಾರ್ಮ್ ಕಡೆ ನೋಡಬೇಡಿ, ಎದುರು ಬದಿ ನೋಡಿ. ಲೂಪ್ ಲೈನಿನಿಂದ (ಗಾಡಿಗಳು ಪಕ್ಕಕ್ಕೆ ಸರಿದು ನಿಲ್ಲುವ ಹಳಿ) ಒಂದು ಗಿಡ್ಡ ಹಳಿ ಕವಲೊಡೆದು ಮುಂದೆ ನಿಂತೇ ಹೋಗಿದ್ದರೆ, ಅದರ ಮೇಲ್ಮೈ ತುಕ್ಕು ಹಿಡಿದಿದ್ದರೆ, ಪಕ್ಕದಲ್ಲಿ ಎತ್ತರದ ಕಟ್ಟೆಯಾಗಲಿ ಗೋದಾಮಾಗಲಿ ಇಲ್ಲದಿದ್ದರೆ, ಅದು ಇಂಜಿನಿಯರಿಂಗ್ ಸೈಡಿಂಗ್, ಅಂದರೆ ಹಳಿ ರಿಪೇರಿಯವರ ಸೈಡಿಂಗ್ ಆಗಿರುವ ಸಾಧ್ಯತೆ ಜಾಸ್ತಿ. ಕಟ್ಟೆ, ಗೋದಾಮು ಇದ್ದರೆ ಅದು ಗೂಡ್ಸ್ ಶೆಡ್. ಅಪಘಾತ ಪರಿಹಾರ ಗಾಡಿ ನಿಲ್ಲುವ ಸೈಡಿಂಗ್ ಅನ್ನು ಸಾಮಾನ್ಯವಾಗಿ ಎರಡೂ ತುದಿಯಲ್ಲಿ ತೆರೆದು ಬಿಟ್ಟಿರುತ್ತಾರೆ, ಯಾವ ಕಡೆಗೆ ಬೇಕಾದರೂ ತಕ್ಷಣ ಹೊರಡಬೇಕಲ್ವಾ? ಸುಮ್ನೆ ಅರ್ಧ ಗಂಟೆ ಉಪಗ್ರಹ ಚಿತ್ರ ನೋಡಿದರೂ ಬೇಕಾದಷ್ಟು ಸಿಗುತ್ತದೆ. ಬೂದು ಬಣ್ಣದ ಚೌಕ ರಾಶಿಗಳು, ಸಾಲಾಗಿ ಬಿದ್ದ ತೆಳು ಗೆರೆಗಳು, ಹಳದಿ ಚುಕ್ಕೆಗಳು.

ಫೋಟೋ ಬೇಕು ಅಂತ ಹಳಿ ದಾಟಿ ಒಳಗೆ ಹೋಗಬೇಡಿ. ಅಪಾಯ ಅನ್ನುವುದು ಒಂದು, ಅದರ ಮೇಲೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ರಸ್ತೆ ಮೇಲ್ಸೇತುವೆಯಿಂದ ಕಾಣುವುದೇ ಸಾಕು.

ಈಗ ಮಾಡೆಲ್. ನಾನು 1:87ರ ಎಚ್‌ಒ ಅಳತೆಯ, ಅಂದರೆ ನಿಜವಾದ ಅಳತೆಯನ್ನು 87ರಿಂದ ಭಾಗಿಸಿದ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,676 ಮಿಮೀ, ಅಂದರೆ ಮಾಡೆಲ್‌ನಲ್ಲಿ 19.3 ಮಿಮೀ ಇರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಮೀ. ಮೇನ್ ಲೈನಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸೈಡಿಂಗ್‌ನಲ್ಲಿ ಸ್ಲೀಪರ್ ಪೂರ್ತಿ ಮುಚ್ಚುವಷ್ಟು ಮಣ್ಣು, ಹುಲ್ಲು ಹಾಕಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ನಿಜವಾದ ಸೈಡಿಂಗ್‌ಗಳೂ ಎಷ್ಟೋ ಕಡೆ ಹಾಗೇ ಇರುತ್ತವೆ.

ಜಲ್ಲಿ ರಾಶಿಗೆ ಸಮಯ ಕೊಡಿ. ಬಹಳ ಜನ ಇಲ್ಲೇ ತಪ್ಪುವುದು: ಮನೆ ಕಟ್ಟುವ ಕಡೆ ಲಾರಿಯಿಂದ ಸುರಿದ ಹಾಗೆ ಗುಡ್ಡೆ ಮಾಡುತ್ತಾರೆ. ರೈಲ್ವೆಯಲ್ಲಿ ಜಲ್ಲಿಯನ್ನು ಅಳತೆ ಮಾಡಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅಳೆಯಲು ಬರುವಂತೆ ಪೇರಿಸಿರುತ್ತಾರೆ. ಮೇಲ್ಭಾಗ ಸಪಾಟು, ಬದಿಗಳು ಇಳಿಜಾರು, ಎತ್ತರ ಕನಿಷ್ಠ ಒಂದು ಮೀಟರ್. ಎಚ್‌ಒದಲ್ಲಿ 11.5 ಮಿಮೀ. ಥರ್ಮೋಕೋಲ್ ತುಂಡನ್ನು ಆ ಆಕಾರಕ್ಕೆ ಕತ್ತರಿಸಿ, ಬೂದು ಬಣ್ಣ ಹಚ್ಚಿ, ಅಂಟು ಸವರಿ, ಮೇಲೆ ಜಲ್ಲಿ ಉದುರಿಸಿ. ಜಲ್ಲಿಗೆ ಎಂ-ಸ್ಯಾಂಡ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ಯಾಕೆಂದರೆ ಅದೂ ಪುಡಿ ಮಾಡಿದ ಕಲ್ಲೇ, ಬಣ್ಣ ಹಚ್ಚುವ ಕೆಲಸವೇ ಇಲ್ಲ. ನಿಜವಾದ ಜಲ್ಲಿ 65 ಮಿಮೀ, ಮಾಡೆಲ್‌ಗೆ ಮುಕ್ಕಾಲು ಮಿಮೀ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ, ಕೆಳಗೆ ಬಿದ್ದದ್ದನ್ನು ತೊಳೆದು ದೂಳು ತೆಗೆದು ಒಣಗಿಸಿ. ಹಳಿ ನಡುವೆ ಹಾಕುವಾಗ ಫೆವಿಕಾಲ್‌ಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಲ್ಲಿ ಬಿಡಿ. ಆ ಒಂದು ಹನಿ ಇಲ್ಲದಿದ್ದರೆ ಅಂಟು ಮೇಲೇ ಉಂಡೆಯಾಗಿ ನಿಲ್ಲುತ್ತದೆ, ನನ್ನ ಒಂದಿಡೀ ಭಾನುವಾರ ಅದನ್ನು ಕೆರೆಯುವುದರಲ್ಲೇ ಹೋಯಿತು.

ಕಾಂಕ್ರೀಟ್ ಸ್ಲೀಪರ್ ಉದ್ದ 2.75 ಮೀಟರ್, ಅಂದರೆ 31.6 ಮಿಮೀ. 3 ಮಿಮೀ ಚೌಕದ ಪ್ಲಾಸ್ಟಿಕ್ ಕಡ್ಡಿ ಕತ್ತರಿಸಿ, ಮಧ್ಯಭಾಗವನ್ನು ಮೇಲಿನಿಂದ ಸ್ವಲ್ಪ ಅರದಿಂದ ಉಜ್ಜಿ. ಆ ತಗ್ಗು ಇಲ್ಲದಿದ್ದರೆ ಅದು ಮರದ ತುಂಡಿನಂತೆ ಕಾಣುತ್ತದೆ. ಪೇರಿಸುವಾಗ ಪದರದ ನಡುವೆ ಮರದ ಪಟ್ಟಿ ಇಡಬೇಕು. ತೆಂಗಿನ ಪೊರಕೆ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಒಂದೊಂದು ಸ್ಲೀಪರ್ 250 ಕೆಜಿಗೂ ಜಾಸ್ತಿ ತೂಗುತ್ತದೆ, ಹಾಗಾಗಿ ರಾಶಿಯ ಪಕ್ಕ ಕ್ರೇನ್ ಬಂದು ಹೋಗಲು ದಾರಿ ಬಿಡಿ.

ಹಳಿ 13 ಮೀಟರ್ ಉದ್ದ, ಮಾಡೆಲ್‌ನಲ್ಲಿ 15 ಸೆಂಮೀ. ಇಪ್ಪತ್ತು ಹಳಿ ಬೆಸೆದ 260 ಮೀಟರ್ ಪ್ಯಾನೆಲ್ ಇಡುವ ಆಸೆ ಇದ್ದರೆ ಮೂರು ಮೀಟರ್ ಜಾಗ ಬೇಕು, ಮನೆಯಲ್ಲಿ ಆಗದ ಮಾತು. ಮೀಟರ್‌ಗೆ 60 ಕೆಜಿ ತೂಗುವ ಹಳಿಯ ಎತ್ತರ 172 ಮಿಮೀ, ಅದು ಸುಮಾರು 2 ಮಿಮೀ ಆಗುತ್ತದೆ, ಹಾಗಾಗಿ ಕೋಡ್ 75 ಅಥವಾ ಕೋಡ್ 83 ಮಾಡೆಲ್ ಹಳಿ ಹೊಂದುತ್ತದೆ (ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಹೊಸ ಹಳಿಗೆ ತಿಳಿ ಕಿತ್ತಳೆ ತುಕ್ಕು, ಕಿತ್ತು ತಂದ ಹಳೆ ಹಳಿಗೆ ಕಡು ಕಂದು. ಎರಡನ್ನೂ ಬೇರೆ ಬೇರೆ ಇಡಿ, ಬೆರೆಸಬೇಡಿ.

ಇಷ್ಟಾದ ಮೇಲೆ ಮೆಷಿನ್. ನಮ್ಮಲ್ಲಿ ಕಾಣುವ ಹಳದಿ ಮೆಷಿನ್‌ಗಳಲ್ಲಿ ಬಹುಪಾಲು ಪ್ಲಾಸರ್ ಕಂಪನಿಯದು, ಅದರ ಕಾರ್ಖಾನೆ ಫರೀದಾಬಾದ್‌ನಲ್ಲಿದೆ. ಸ್ಲೀಪರ್ ಅಡಿಗೆ ಜಲ್ಲಿ ಒತ್ತುವ ಟ್ಯಾಂಪಿಂಗ್ ಮೆಷಿನ್ ಒಂದಿದ್ದರೆ ಸಾಕು. ಜರ್ಮನಿಯ ಕಿಬ್ರಿ ಎಚ್‌ಒದಲ್ಲಿ ಇದರ ಕಿಟ್ ಮಾಡುತ್ತದೆ. ಅದರ ಹಿಂದೆ ಒಂದು ಹಳೆಯ ಕ್ಯಾಂಪ್ ಕೋಚ್ ನಿಲ್ಲಿಸಿ. ಮೆಷಿನ್ ಸಿಬ್ಬಂದಿ ತಿಂಗಳುಗಟ್ಟಲೆ ಅದರಲ್ಲೇ ಅಡುಗೆ ಮಾಡಿಕೊಂಡು ಇರುತ್ತಾರೆ. ಬಾಗಿಲ ಬಳಿ ನೀರಿನ ಡ್ರಮ್, ಕಿಟಕಿಯಿಂದ ಕಂಬಕ್ಕೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಒಂದು ಕಿತ್ತಳೆ ಜಾಕೆಟ್ ಮತ್ತು ಎರಡು ಲುಂಗಿ.