ಕ್ಯಾಸೆಟ್ ಪೆಟ್ಟಿಗೆ, ಫಾಕ್ಸ್‌ಪ್ರೊ ಪಟ್ಟಿ ಮತ್ತು ನಮ್ಮ ಅಣ್ಣ

ದಾವಣಗೆರೆ ಮಂಡಿಪೇಟೆಯ ಹಳೇ ವರ್ತಕರಿಗೆ ಅಣ್ಣ ಅಂದ್ರೆ "ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟೋರು". ಫಾಕ್ಸ್‌ಪ್ರೊ ಅನ್ನೋ ಹಳೇ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದದ್ದು. ಮೆಕ್ಕೆಜೋಳದ ಚೀಲ, ತೂಕ, ದಲಾಲಿ, ಹಮಾಲಿ ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತಿತ್ತು. ಸಂಗೀತದ ಮಂದಿಯನ್ನು ಕೇಳಿದರೆ "ಬೈಠಕ್‌ಗೆ ಟೇಪ್ ರೆಕಾರ್ಡರ್ ಹೊತ್ಕೊಂಡು ಬರೋರು" ಅಂತಾರೆ. ಬೈಠಕ್ ಅಂದ್ರೆ ಮನೆಯಲ್ಲೇ ಕೂತು ಹಾಡಿ ಕೇಳುವ ಸಂಗೀತ ಕೂಟ. ಇಬ್ಬರೂ ಒಬ್ಬರೇ ಅಂತ ಎಷ್ಟೋ ಜನಕ್ಕೆ ಅವರು ತೀರಿಕೊಂಡ ಮೇಲೇ ಗೊತ್ತಾಯಿತು.

ನಾನು ಒಡಹುಟ್ಟಿದವನಲ್ಲ. ಅವರ ಪಕ್ಕ ಕೂತು ಕೋಡ್ ಬರೆಯೋದು ಕಲಿತವನು. ನುಡಿನಮನಕ್ಕೆ ಒಂದು ಪುಸ್ತಿಕೆ ತರೋಣ ಅಂತ ಕೆಲವರು ಅಂದರು. ನನಗೆ ಮನಸ್ಸಾಗಲಿಲ್ಲ. ಅಂಥ ಪುಸ್ತಿಕೆಯಲ್ಲಿ ಎಲ್ಲರೂ ಸರಳಜೀವಿ, ಅಜಾತಶತ್ರು ಆಗಿಬಿಡ್ತಾರೆ ಅಲ್ವಾ? ಹಾಡು ನಡೆಯುವಾಗ ಪಿಸುಗುಟ್ಟಿದವರನ್ನು ಅಣ್ಣ ಎಬ್ಬಿಸಿ ಹೊರಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅವರು ಮಾಡಿಟ್ಟದ್ದನ್ನು ಮತ್ತೆ ಓಡುವ ಹಾಗೆ ಮಾಡಿದರೆ ಸಾಕು ಅನ್ನಿಸಿತು. ಪಿ.ಜೆ. ಬಡಾವಣೆಯ ಮನೆಯಲ್ಲಿ ಅತ್ತಿಗೆ ಕೇಳಿದ್ದೂ ಅದನ್ನೇ: "ಈ ಪೆಟ್ಟಿಗೆಗಳನ್ನ ಏನ್ ಮಾಡ್ಲಪ್ಪ? ಗುಜರಿಗೆ ಹಾಕಕ್ಕೆ ಮನಸ್ಸು ಬರಲ್ಲ."

ಮೊದಲು ಹಾರ್ಡ್ ಡಿಸ್ಕ್. ಹಳೇ ಡಿಸ್ಕನ್ನು ಸುಮ್ನೆ ಹಚ್ಚಿ ಫೈಲ್ ತೆರೆಯುತ್ತಾ ಕೂರಬಾರದು. ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ತೆಗೆದೆ. ಅದು ಚೆನ್ನಾಗಿರೋ ಜಾಗವನ್ನು ಮೊದಲು ಓದಿ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ.

ಅದರೊಳಗೆ ಕ್ಯಾಸೆಟ್‌ಗಳ ಪಟ್ಟಿ ಸಿಕ್ಕಿತು. ಅದೂ ಫಾಕ್ಸ್‌ಪ್ರೊದ ಡಿಬಿಎಫ್ ಫೈಲೇ! ದಲಾಲಿ ಲೆಕ್ಕಕ್ಕೆ ಬಳಸಿದ್ದನ್ನೇ ರಾಗಕ್ಕೂ ಬಳಸಿದ್ದರು. ಇಂಥ ಫೈಲನ್ನು ಲಿಬ್ರೆಆಫೀಸ್ ಅನ್ನೋ ಉಚಿತ ಕಚೇರಿ ತಂತ್ರಾಂಶ ಈಗಲೂ ತೆರೆಯುತ್ತದೆ. ಕಾಲಂ ಹೆಸರಿಗೆ ಡಿಬಿಎಫ್‌ನಲ್ಲಿ ಹತ್ತೇ ಅಕ್ಷರ, ಹಾಗಾಗಿ ಎಲ್ಲ ಮೊಟಕು. ಹಾಡಿದವರು, ರಾಗ, ತಾಳ, ಶ್ರುತಿ ಇದ್ದೇ ಇದ್ದವು. ಕೊನೆಯ ಕಾಲಂ ಹೊರಗಿನ ಸದ್ದಿನದು. "ಲಾರಿ ಹಾರ್ನ್, ವಿಲಂಬಿತ್ ಮಧ್ಯ." (ವಿಲಂಬಿತ್ ಅಂದ್ರೆ ನಿಧಾನ ಲಯದ ಹಾಡಿಕೆ.) "ಕರೆಂಟ್ ಹೋಯ್ತು, ಬ್ಯಾಟರಿಗೆ ಹಾಕಿದೆ." "ಕೆಮ್ಮಿದ್ದು ನಾನೇ." ಇದನ್ನು ಓದಿದಾಗ ಪುಸ್ತಿಕೆ ಬೇಡ ಅಂದದ್ದು ಸರಿಯಾಯಿತು ಅನ್ನಿಸಿತು. ಯಾವ ಭಾಷಣದಲ್ಲೂ ಅವರು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಉದ್ದದ ಟಿಪ್ಪಣಿಗಳು ಹಳೇ ನುಡಿ ಫಾಂಟಿನಲ್ಲಿದ್ದವು. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ತಾರ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ನಂಬಿ ಕೂರಬೇಡಿ. ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಒಂದೊಂದು ಸಾಲನ್ನೂ ಕಣ್ಣಿಂದಲೇ ಓದಿ ತಿದ್ದಬೇಕಾಯಿತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಬಗ್ಗೆಯೇ ಜಾಸ್ತಿ ಬರೆದಿದ್ದರು. ಯಾರೂ ಜಾಸ್ತಿ ಹಾಡದ ರಾಗಗಳನ್ನು ಮನ್ಸೂರರು ಎಷ್ಟು ಸಲೀಸಾಗಿ ಹಾಡ್ತಿದ್ದರು ಅನ್ನೋದು ಅಣ್ಣನಿಗೆ ಮುಗಿಯದ ಬೆರಗು.

ಆಮೇಲೆ ಕ್ಯಾಸೆಟ್. ಬಿಳಿ ಫಂಗಸ್ ಹಿಡಿದದ್ದನ್ನು ಬೇರೆ ಇಟ್ಟೆ, ಒಂದರಿಂದ ಕ್ಯಾಸೆಟ್ ಓಡಿಸುವ ಡೆಕ್‌ಗೆ, ಡೆಕ್‌ನಿಂದ ಇನ್ನೊಂದಕ್ಕೆ ಅಂಟುತ್ತದೆ. ಟೇಪ್ ಓದುವ ಹೆಡ್ಡನ್ನೂ ರಬ್ಬರ್ ಗಾಲಿಯನ್ನೂ ಪ್ರತಿ ಕ್ಯಾಸೆಟ್ ಆದ ಮೇಲೆ ಒರೆಸುವುದು, ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಹೆಡ್ಡಿನ ಪಕ್ಕ ಒಂದು ಪುಟಾಣಿ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆ ಸರಿಪಡಿಸಲಿಕ್ಕೆ. ಟೇಪ್ ಓಡುತ್ತಿರುವಾಗಲೇ ಅದನ್ನು ಒಂದೊಂದು ಎಳೆ ತಿರುಗಿಸಿದರೆ, ಕಂಬಳಿಯೊಳಗಿಂದ ಹಾಡಿದಂತಿದ್ದ ದನಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ. ಆಡಾಸಿಟಿ ಅನ್ನೋ ಧ್ವನಿಮುದ್ರಣ ತಂತ್ರಾಂಶದಲ್ಲಿ ವೇವ್ ಫೈಲಾಗಿ ರೆಕಾರ್ಡ್ ಮಾಡಿದೆ. ಸಿಡಿ ಗುಣಮಟ್ಟಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಉಳಿಸಿಡುವುದಕ್ಕೆ ಸದ್ದಿನಲ್ಲಿ ಏನೂ ಕಳೆಯದೆ ಫೈಲ್ ಚಿಕ್ಕದು ಮಾಡುವ ಫ್ಲಾಕ್, ಕೇಳುವುದಕ್ಕೆ ಎಂಪಿ 3. ಸೂಂಯ್ ಸದ್ದು ತೆಗೆಯುವ ಆಸೆಗೆ ಮಾತ್ರ ಬೀಳಲಿಲ್ಲ. ತೆಗೆದರೆ ತಂಬೂರಿಯ ಜವಾರಿಯೂ, ಅಂದ್ರೆ ತಂತಿಯ ಝೇಂಕಾರವೂ, ಅರ್ಧ ಹೋಗುತ್ತದೆ.

ತಲೆನೋವು ಕೊಟ್ಟದ್ದು ವೇಗ. ಬ್ಯಾಟರಿ ಸೊರಗಿದಾಗ ರೆಕಾರ್ಡರ್ ನಿಧಾನ ಓಡಿರುತ್ತದೆ, ಸರಿಯಾದ ಡೆಕ್‌ನಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ವೇಗ ಶೇ. 3 ತಪ್ಪಿದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ (ಕೀಲಿಗಳ) ಅಂತರದಲ್ಲಿ ಅರ್ಧದಷ್ಟು ತಪ್ಪಿದ ಹಾಗೆ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದಾದರೆ ಹಿಂದೆ ಗುಂಯ್ ಅನ್ನೋ 50 ಹರ್ಟ್ಸ್ ಸದ್ದು ಇರುತ್ತದೆ. ಅದು 51.5ರಲ್ಲಿ ಕಂಡರೆ ಟೇಪ್ ಜೋರು ಓಡುತ್ತಿದೆ ಅಂತ ಲೆಕ್ಕ. ಆದರೆ ಆಗಿನ ನಮ್ಮ ಕರೆಂಟೇ 50ಕ್ಕೆ ನೆಟ್ಟಗೆ ನಿಲ್ಲುತ್ತಿರಲಿಲ್ಲವಲ್ಲ! ಅದಕ್ಕೇ ಹಳೇ ಪೇಟೆಯಲ್ಲಿ ಬೈಠಕ್ ನಡೆಯುತ್ತಿದ್ದ ಮನೆಗೆ ಹೋದೆ. ಅದೇ ಹಾರ್ಮೋನಿಯಂ ಇನ್ನೂ ಇದೆ. ಕಪ್ಪು ಒಂದನ್ನು, ಅಂದ್ರೆ ಮೊದಲ ಕಪ್ಪು ಮನೆಯನ್ನು, ಒತ್ತಿ ಫೋನಿನಲ್ಲಿ ಹಿಡಿದುಕೊಂಡು ಬಂದು, ಟೇಪಿನ ಶ್ರುತಿಯನ್ನು ಅದಕ್ಕೆ ಹೊಂದಿಸಿದೆ. ಮನೆಯ ಅಜ್ಜಿ ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, "ಅವನು ತಿಂತಾ ತಿಂತಾನೂ ಮೀಟರ್ ಮುಳ್ಳನ್ನೇ ನೋಡ್ತಿದ್ದ" ಅಂದರು.

ಇನ್ನು ತಂಬೂರಿ. ಅಣ್ಣ ಸಿ ಭಾಷೆಯಲ್ಲಿ ಒಂದು ತಂಬೂರಿ ಬರೆದಿದ್ದರು. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದಷ್ಟು ಖಾನೆಗಳಲ್ಲಿ ಗೊತ್ತುಗುರಿಯಿಲ್ಲದ ಅಂಕಿ ತುಂಬಿ, ಅಕ್ಕಪಕ್ಕದ ಎರಡರ ಸರಾಸರಿ ತೆಗೆದು ಮತ್ತೆ ಅದೇ ಖಾನೆಗಳಲ್ಲಿ ಸುತ್ತಲು ಬಿಟ್ಟರೆ ತಂತಿ ಮೀಟಿದ ಸದ್ದು ಬರುತ್ತದೆ. ಸೆಕೆಂಡಿಗೆ 44,100 ಅಂಕಿ ಇಟ್ಟುಕೊಂಡರೆ ಕೆಳಗಿನ ಕಪ್ಪು ಒಂದಕ್ಕೆ ಸುಮಾರು 318 ಖಾನೆ. "ಸುಮಾರು" ಅನ್ನೋದೇ ತೊಂದರೆ, ಅರ್ಧ ಖಾನೆ ಇಡಲಿಕ್ಕೆ ಆಗಲ್ಲ. ಕೋಡಿನ ನಡುವೆ ಒಂದು ಕಾಮೆಂಟ್: "ಜೋಡಿ ತಂತಿ ಸೇರ್ತಿಲ್ಲ." ಅದರ ಕೆಳಗೆ ಆ ಚೂರನ್ನು ತುಂಬುವ ಪುಟ್ಟ ಫಿಲ್ಟರ್, ಮತ್ತೆ ಇನ್ನೊಂದು ಕಾಮೆಂಟ್: "ಈಗ ಕೂತ್ಕೊಂಡು ಹಾಡಬಹುದು." ನಾನು ಮುಟ್ಟಿದ್ದು ವಿಂಡೋಸ್‌ನ ಸೌಂಡ್ ಭಾಗವನ್ನು ಮಾತ್ರ. ಉಳಿದದ್ದು ಲಿನಕ್ಸ್‌ನಲ್ಲಿ ಹಾಗೇ ಓಡಿತು.

ನುಡಿನಮನದ ದಿನ ಮಾತು ಕಡಿಮೆ ಇಟ್ಟೆವು. ಅವರ ತಂಬೂರಿ ಹಾಕಿಕೊಂಡು ಇಬ್ಬರು ಹುಡುಗಿಯರು ವಚನ ಹಾಡಿದರು, ಪಟ್ಟಿಯ ಕೊನೆ ಕಾಲಂ ಓದಿದಾಗ ಜನ ನಕ್ಕರು.

ಹಂಚುವ ವಿಷಯದಲ್ಲಿ ಮಾತ್ರ ಗಟ್ಟಿ ಇದ್ದೇನೆ. ಮನೆ ಬೈಠಕ್‌ಗಳಲ್ಲಿ ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿ, ಒಪ್ಪಿದವರದ್ದನ್ನು ಮಾತ್ರ ಕಲಿಯುವ ಮಕ್ಕಳಿಗೆ ಕೊಡುತ್ತಿದ್ದೇನೆ. ಒಂದು ಮನೆಯವರು ಬೇಡ ಅಂದರು, ಅದು ಅತ್ತಿಗೆಯ ಡಿಸ್ಕಿನಲ್ಲಿ ಮಾತ್ರ ಇದೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳ ಪ್ರತಿ ಯಾರಿಗೂ ಕೊಡಲ್ಲ. ತಂಬೂರಿಯ ಕೋಡ್ ಬೇಕಾದವರು ಪೆನ್‌ಡ್ರೈವ್ ತಂದರೆ ಆಯಿತು, ಅತ್ತಿಗೆಯೇ ಹಾಕಿಕೊಡ್ತಾರೆ.