ಬಣ್ಣದ ಬೀಜ ಮತ್ತು ಹೊಲದ ತುದಿ

ಗೋವಿನಜೋಳದ ಬೀಜದ ಚೀಲ ಬಿಚ್ಚಿದರೆ ಕಾಳು ಕೆಂಪಗೋ ಹಸಿರಾಗೋ ಇರುತ್ತದೆ. ವಿಷ ಸವರಿದ ಬೀಜ, ತಿನ್ನಬೇಡಿ ಎಂಬ ಗುರುತು ಅದು. ಬೈಲಹೊಂಗಲ ಕಡೆ ನಾವು ಕೊಳ್ಳುವ ಹೈಬ್ರಿಡ್ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿಯೇ ಬರುತ್ತದೆ. ಕೆಲವಕ್ಕೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕವೂ ಸೇರಿರುತ್ತದೆ.

ಬೀಜಕ್ಕೆ ಹಚ್ಚಿದ ಔಷಧ ಗಿಡದೊಳಗೇ ಹೋಗುತ್ತದೆ, ಸಿಂಪಡಣೆಗಿಂತ ಚಲೋ ಅನ್ನುತ್ತಾರೆ. ಆದರೆ ಈ ಜಾತಿಯ ಕೀಟನಾಶಕದಲ್ಲಿ ಬೆಳೆ ಹೀರಿಕೊಳ್ಳುವುದು ಸುಮಾರು ಶೇ 5ರಷ್ಟು. ಉಳಿದದ್ದರಲ್ಲಿ ಬಹುಪಾಲು ಮಣ್ಣಿಗೆ. ಅದರ ಮೇಲೆ ನೀರಿನಲ್ಲಿ ಕರಗುವ ಗುಣ ಬೇರೆ: ಥಯಾಮೆಥಾಕ್ಸಾಮ್ ಲೀಟರ್ ನೀರಿಗೆ 4 ಗ್ರಾಂ ಕರಗುತ್ತದೆ. ಮುಂಗಾರಿನ ಮಳೆ ಜೋರಾಗಿ ಬಂದರೆ ಒಡ್ಡು ದಾಟಿ ಹಳ್ಳ, ಹಳ್ಳದಿಂದ ಮಲಪ್ರಭೆ.

ಹಾಗಾಗಿ ಬಿತ್ತುವ ದಿನ ನನ್ನ ಕಣ್ಣು ಸಾಲಿಗಿಂತ ಹೊಲದ ತುದಿಯ ಮೇಲೆ. ಟ್ರ್ಯಾಕ್ಟರ್ ಹೊರಳಿಸಲು ಕೂರಿಗೆ ಎತ್ತಿದಾಗ ಕಾಳು ನೆಲದ ಮೇಲೆಯೇ ಚೆಲ್ಲುತ್ತವೆ. ನವಿಲು, ಗುಬ್ಬಿ, ಬೆಳವ ಆರಿಸಲು ಬರುವುದೂ ಅಲ್ಲಿಗೇ. ಗಾಡಿ ಮುಂದೆ ಹೋದ ಕೂಡಲೇ ನಾನು ಸಲಿಕೆ ಹಿಡಿದು ಮಣ್ಣೆಳೆದು ಮುಚ್ಚುತ್ತೇನೆ. “ನಾಕ ಕಾಳಿಗೆ ಏನಾಕ್ಕೈತಿ ಬಿಡ್ರಿ ಕಾಕಾ” ಅನ್ನುತ್ತಾನೆ ಡ್ರೈವರ್ ಹುಡುಗ. ಗುಬ್ಬಿಯಷ್ಟು ಹಕ್ಕಿಗೆ ಕೀಟನಾಶಕ ಹಚ್ಚಿದ ಒಂದೇ ಕಾಳು ಸಾಕಾಗಬಹುದು ಅಂದರೆ ನಗುತ್ತಾನೆ. ನಗಲಿ, ಸಲಿಕೆ ನನ್ನದು.

ಕೂರಿಗೆಯ ಬೀಜದ ಡಬ್ಬಿಯ ತಳದಲ್ಲಿ ಕೂಡುವ ಬಣ್ಣದ ಹುಡಿಯನ್ನು ಬಾಯಿಂದ ಊದುವುದಿಲ್ಲ, ಹಳ್ಳದಲ್ಲಿ ತೊಳೆಯುವುದೂ ಇಲ್ಲ. ಬಟ್ಟೆಯಿಂದ ಒರೆಸಿ ಕೊನೆಯ ಸಾಲಿನಲ್ಲೇ ಹುಗಿಯುತ್ತೇನೆ. ಗಾಳಿಗೆ ಹಾರಿದರೆ ಜೇನಿಗೆ ಕೇಡು.

ದೊಡ್ಡ ತಲೆನೋವು ಉಳಿದ ಬೀಜದ್ದು. ಕೋಳಿಗೆ ಹಾಕುವಂತಿಲ್ಲ, ಪೇಟೆಗೆ ಒಯ್ಯುವಂತಿಲ್ಲ, ತೊಳೆದರೂ ಪ್ರಯೋಜನವಿಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಮೀಡ್ ಎಂಬ ಊರಿನ ಕಾರ್ಖಾನೆಯೊಂದು ಕಂಪನಿಗಳಲ್ಲಿ ಉಳಿದ ಇಂಥ ಬೀಜದಿಂದಲೇ ಎಥೆನಾಲ್ ತೆಗೆಯುತ್ತಿತ್ತು. ವಿಷವೆಲ್ಲ ಚರಟದಲ್ಲಿ, ಹೊಲಸು ನೀರಿನ ಹೊಂಡದಲ್ಲಿ ಉಳಿಯಿತು. 2021ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಬೇಕಾಯಿತು. ನಮ್ಮದು ಅಷ್ಟು ದೊಡ್ಡ ಬಾಬತ್ತಲ್ಲ, ಆದರೆ ತೊಡಕು ಅದೇ. ಎಕರೆಗೆ 8 ಕೆಜಿ ಲೆಕ್ಕ ಹಿಡಿದು ಅಷ್ಟೇ ತರುತ್ತೇನೆ. ಮುಷ್ಟಿ ಉಳಿದರೆ ಹೊಲದ ಒಳಮೂಲೆಯಲ್ಲಿ ದಟ್ಟವಾಗಿ ಎರಡು ಇಂಚು ಆಳಕ್ಕೆ ಬಿತ್ತುತ್ತೇನೆ. ಖಾಲಿ ಚೀಲಕ್ಕೆ ಯಾರಾದರೂ “ಮೆಣಸಿನಕಾಯಿ ತುಂಬಾಕ ಬರ್ತೈತಿ, ಕೊಡ್ರಿ” ಅಂತ ಬಂದೇ ಬರುತ್ತಾರೆ. ಅದಕ್ಕೇ ಮೊದಲೇ ಕುಡಗೋಲಿನಿಂದ ಸೀಳಿಡುತ್ತೇನೆ.

ಸೋಯಾಬೀನ್‌ಗೆ ಈ ಗೋಳಿಲ್ಲ. ಮನೆಯದೇ ಬೀಜ ಇಟ್ಟುಕೊಂಡು, ಬಿತ್ತುವ ಮುಂಚೆ ಬೇಕಾದಷ್ಟಕ್ಕೇ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಎಂಬ ಜೀವಾಣು ಗೊಬ್ಬರ ಕಲಸಿ ನೆರಳಲ್ಲಿ ಆರಿಸುತ್ತೇನೆ. ಹಚ್ಚದೆ ಉಳಿದದ್ದು ನೇರ ಎಪಿಎಂಸಿಗೆ.